ಬೆರಕೆಸೊಪ್ಪಿನ ಕ್ಲಾಸು

ಆ ಬೆಳಗ್ಗೆ ಮಳೆಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಸಮುದ್ರದ ಕಡೆ ಎಲ್ಲೋ ವಾಯುಭಾರ ಕುಸಿದಿದೆಯೆಂದು ಸುದ್ದಿಯಲ್ಲಿ ಹೇಳಿದ್ದರು. ಅದರ ತಣ್ಣನೆಯ ಉಸಿರು ಹುಳಿಮಾವಿನ ಕೆರೆ ದಾಟಿ ಬಂದು, ಹೊಂಗೆಪಾಳ್ಯದ ತಾರಸಿಗಳ ಮೇಲೆ, ನೀರಿನ ಟ್ಯಾಂಕುಗಳ ಮೇಲೆ, ಹಿಟ್ಟು ಜರಡಿ ಹಿಡಿದಂತೆ ತುಂತುರು ಉದುರಿಸುತ್ತಿತ್ತು. ಕಾರ್ತಿಕದ ಸೋಮವಾರ. ಭಜನೆ ಮನೆಯೊಳಗೆ ಆಂಜನೇಯಸ್ವಾಮಿಯ ಪಟದ ಮುಂದೆ ದೀಪ ನೆಟ್ಟಗೆ ಉರಿಯುತ್ತಿತ್ತು. ಪಕ್ಕದ ಗೋಡೆಯ ಮೇಲಿನ ಹವಾಮಾನದ ಪಟದ ಮುಂದೆ ಮಾತ್ರ ಮಕ್ಕಳು ಜಗಳಕ್ಕೆ ನಿಂತಿದ್ದವು. ರಟ್ಟಿನ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಬೇಕೋ, ಮೋಡದ ಕಡೆಗೋ, ಕೊಡೆಯ ಕಡೆಗೋ?

"ಕೊಡೆ ಕಡೆ ತಿರುಗ್ಸೋ."

"ಯಾರೂ ಕೊಡೆ ಹಿಡ್ಕೊಂಡ್ ಬಂದಿಲ್ವಲ್ಲ."

"ನಮ್ಮನೇಲಿ ಕೊಡೇನೇ ಇಲ್ಲ. ಅದಕ್ಕೇ ಮಳೆ ಅಲ್ಲ ಅಂದ್ಬಿಡ್ತೀಯಾ?"

ಟೀಚರ್ ಹೇಮಶ್ರೀ ಮುಳ್ಳನ್ನು ಮೋಡಕ್ಕೂ ಕೊಡೆಗೂ ನಡುವೆ ನಿಲ್ಲಿಸಿ ಜಗಳ ಬಿಡಿಸಿದಳು. ಅಷ್ಟರಲ್ಲಿ ಹೊರಗೆ ಲಗೇಜ್ ಆಟೋ ಬಂದು ನಿಂತ ಸದ್ದಾಯಿತು. ಹಿಂದೆಯೇ ತಿಮ್ಮರಾಯಪ್ಪನ ಗಂಟಲು ಕೇಳಿಸಿತು.

"ನಿಧಾನ ಇಳಿಸ್ರಪ್ಪ. ಟ್ಯೂಷನ್ ಸೆಂಟರಿಂದ ಕಡ ತಂದಿರೋದು. ಕಾಲು ಮುರಿದ್ರೆ ನನ್ ಕಾಲು ಕೇಳ್ತಾನೆ ಅವನು."

ಬೆಂಚುಗಳು ಇಳಿದವು. ಹಿಂದೆಯೇ ಶಾಮಿಯಾನದ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಗಳು, ಮಾವಿನ ತೋರಣ, ಒಂದು ಹೂವಿನ ಹಾರ.

ಹೊಂಗೆಪಾಳ್ಯವೆಂಬುದು ಈಗ ಒಂದು ಬೀದಿ, ಒಂದು ಅರಳಿಕಟ್ಟೆ, ಒಂದು ಭಜನೆ ಮನೆ ಅಷ್ಟೆ. ಉಳಿದದ್ದೆಲ್ಲ ಲೇಔಟುಗಳೊಳಗೆ ಕರಗಿದೆ. ಹೂಕೋಸು ಬೆಳೆಯುತ್ತಿದ್ದ ತಿಮ್ಮರಾಯಪ್ಪನ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟಿನ ಈಜುಕೊಳ ಇದೆ; ಅವನಿಗೆ ಬಾಡಿಗೆ ಬರುತ್ತದೆ, ಊಟಕ್ಕೆ ಕೊರತೆಯಿಲ್ಲ. ಆದರೆ ಊರು ತಾನೇ ಕೈಯಾರೆ ಮಾಡಿಕೊಂಡದ್ದು ಅಂತ ಉಳಿದಿರುವುದು ಭಜನೆ ಮನೆಯಲ್ಲಿ ನಡೆಯುವ ಈ ಪುಟ್ಟ ಶಾಲೆ ಒಂದೇ. ಜಾಗ ಊರಿನದು, ಸೇವಾ ಸಮಿತಿ ಊರಿನದು, ಸಮಿತಿಗೆ ಅಧ್ಯಕ್ಷ ತಿಮ್ಮರಾಯಪ್ಪ. ಟೀಚರ ಸಂಬಳ, ಪುಸ್ತಕ, ಕಾರ್ಡುಗಳ ಖರ್ಚು ಜಯನಗರದ ಒಂದು ಟ್ರಸ್ಟಿನದು.

ಹೇಮಶ್ರೀ ಇಲ್ಲಿಗೆ ಬಂದಾಗ ಒಂದನೆಯ ಕ್ಲಾಸಿನ ನಾಲ್ಕಾರು ಮಕ್ಕಳು, ಎರಡನೆಯದರ ನಾಲ್ಕಾರು, ಮೂರನೆಯದರ ನಾಲ್ಕಾರು. ಕೂರುವ ಕೋಣೆ ಒಂದೇ, ಟೀಚರೂ ಒಬ್ಬಳೇ. ಅವಳು ಎಲ್ಲರನ್ನೂ ಚಾಪೆಯ ಮೇಲೆ ಒಟ್ಟಿಗೆ ಕೂರಿಸಿದಳು. ಗೋಡೆಗೆ ದೊಡ್ಡದೊಂದು ಏಣಿ ಬರೆದಳು. ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಆ ಕಾರ್ಡು ತೆಗೆದುಕೊಂಡು ಕಲಿಯಬೇಕು. ತಿಳಿಯದಿದ್ದರೆ ಆ ಮೆಟ್ಟಿಲು ದಾಟಿದವರನ್ನು ಕೇಳಬೇಕು. ಆಮೇಲೆ ಮಕ್ಕಳು ಹೆಚ್ಚಾದವು, ಏಣಿ ಮಾತ್ರ ಹಾಗೆಯೇ ಉಳಿಯಿತು. ಅನಿವಾರ್ಯಕ್ಕೆ ಮಾಡಿದ್ದು ಅವಳಿಗೆ ವ್ರತದಂತೆ ಆಗಿಹೋಗಿತ್ತು.

ಊರಿಗೂ ಅದು ಒಗ್ಗಿತ್ತು. ಒಗ್ಗದೆ ಹೋದದ್ದು ಕುಮಾರಸ್ವಾಮಿ ಲೇಔಟಿನಲ್ಲಿ ನಡೆದ ಒಂದು ಗೃಹಪ್ರವೇಶದಿಂದ. ಅಲ್ಲಿ ಊಟದ ಎಲೆಯ ಮುಂದೆ ಬೀಗರೊಬ್ಬರು, "ಏನ್ ತಿಮ್ಮರಾಯಪ್ಪನೋರೇ, ನಿಮ್ಮೂರ್ ಸ್ಕೂಲಲ್ಲಿ ಕ್ಲಾಸೇ ಇಲ್ವಂತಲ್ಲ? ಒಂದು, ಎರಡು, ಮೂರು ಎಲ್ಲಾ ಒಂದೇ ಮಡಕೇಲಂತೆ. ಬೆರಕೆಸೊಪ್ಪು ಅನ್ನಿ," ಎಂದಿದ್ದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಆ ನಗು ತಿಮ್ಮರಾಯಪ್ಪನ ಜೊತೆಯಲ್ಲೇ ಮನೆಗೆ ಬಂದು, ಹೋಗದೆ ಉಳಿದುಕೊಂಡಿತ್ತು.

ಈಗ ಟ್ರಸ್ಟಿನಿಂದ ಅಲಮೇಲು ಮೇಡಂ ಬರುವವರಿದ್ದರು. ಈ ಕ್ಲಾಸು ನಡೆಯಬೇಕೋ ಮುಚ್ಚಬೇಕೋ ಎಂದು ಅವರು ಕಣ್ಣಾರೆ ನೋಡಿ ಹೋಗಿ ಹೇಳುವುದೆಂದು ಟ್ರಸ್ಟಿನಲ್ಲಿ ತೀರ್ಮಾನವಾಗಿತ್ತು. ಮುಚ್ಚುವ ಮನಸ್ಸೇ ಹೆಚ್ಚು ಜನಕ್ಕಿದೆ ಎಂಬ ಸುದ್ದಿಯೂ ಬಂದಿತ್ತು.

"ಯಜಮಾನ್ರೆ, ಈ ಬೆಂಚೆಲ್ಲ ಯಾಕೆ?" ಎಂದಳು ಹೇಮಶ್ರೀ.

"ಹೆಣ್ ನೋಡೋಕ್ ಬರ್ತಾರೆ ಅಂದ್ರೆ ಮನೆ ಸಾರಿಸಲ್ವಾ ಮಿಸ್ಸಮ್ಮ? ನೀಟಾಗಿ ಮೂರ್ ಸಾಲು. ಒಂದನೇ ಕ್ಲಾಸು, ಎರಡು, ಮೂರು. ಬೋರ್ಡ್ ಕೂಡ ಬರೆಸಿದೀನಿ ನೋಡಿ. ಸ್ಕೂಲ್ ಅಂದ್ರೆ ಸ್ಕೂಲ್ ಥರಾ ಇರ್ಬೇಕು."

"ಅವರು ನೋಡೋಕ್ ಬರ್ತಿರೋದು…"

"ಇವತ್ತೊಂದಿನ ನನ್ ಮಾತು ಕೇಳಿ. ಊರಿನ ಮರ್ಯಾದೆ."

ಅವಳು ಚಾಪೆಗಳನ್ನು ಸುತ್ತಿಟ್ಟಳು. ಆದರೆ ಅವಳ ಕಣ್ಣು ಗುರುಸಿದ್ದನ ಮೇಲೆ ಹೋಗಿ ನಿಂತಿತು. ಕಟ್ಟಡದ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದವರ ಮಗ ಅವನು. ವಯಸ್ಸು ಒಂಬತ್ತು, ಮೊದಲ ಸಲ ಶಾಲೆ ಕಂಡದ್ದೇ ಹೋದ ವರ್ಷ. ಹಿಂದಿನ ರಸ್ತೆಯ ದೊಡ್ಡ ಶಾಲೆಯವರು ಅವನನ್ನು ಯಾವ ಕ್ಲಾಸಿನಲ್ಲಿ ಕೂರಿಸುವುದೆಂದು ತಿಳಿಯದೆ ವಾಪಸು ಕಳಿಸಿದ್ದರು. ಭಜನೆ ಮನೆಯಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ಕ್ಲಾಸು ಮುಚ್ಚಿದರೆ ಉಳಿದವರಿಗೆ ಎಲ್ಲಾದರೂ ಒಂದು ಬೆಂಚು ಸಿಗಬಹುದು. ಇವನಿಗೆ ಸಿಗುವುದಿಲ್ಲವೆಂದು ಹೇಮಶ್ರೀಗೆ ಗೊತ್ತಿತ್ತು. ತಿಮ್ಮರಾಯಪ್ಪ ಅವನ ಎತ್ತರ ನೋಡಿ ಮೂರನೆಯ ಸಾಲಿನ ಕೊನೆಗೆ ಕಳಿಸಿದ.

ಇನ್ನೊಬ್ಬರ ವ್ಯವಸ್ಥೆಯನ್ನು ಅವನು ಮನೆಯಲ್ಲೇ ಮಾಡಿ ಬಂದಿದ್ದ. ಅದು ಅವನ ಹೆಂಡತಿ ಮಂಗಮ್ಮ.

ಮಂಗಮ್ಮ ದಿನವೂ ಭಜನೆ ಮನೆ ಗುಡಿಸಿ ದೀಪ ಹಚ್ಚಲು ಬರುವವಳು. ಒಂದು ದಿನ ಕಂಬಕ್ಕೊರಗಿ ಸೊಪ್ಪು ಸೋಸುತ್ತ ಕೂತಿದ್ದಾಗ, ಇಸ್ತ್ರಿ ಅಂಗಡಿಯವರ ಮಗಳು ಹಂಸಾ, ಆರು ವರ್ಷದವಳು, ಬಂದು, "ಅಜ್ಜಿ, ನಿಮ್ಮ ಕಾರ್ಡ್ ಯಾವ್ದು?" ಎಂದು ಕೇಳಿತು. "ನನಗೆಲ್ಲಿ ಕಾರ್ಡೇ ಮಗಾ," ಎಂದಳು ಮಂಗಮ್ಮ. "ಹಂಗಾದ್ರೆ ಮೊದಲ್ನೇದು," ಎಂದು ಹಂಸಾ ಮೊದಲ ಮೆಟ್ಟಿಲಿನ ಕಾರ್ಡು ತಂದು ಅವಳ ಮಡಿಲಲ್ಲಿಟ್ಟಿತು. ಅಂದಿನಿಂದ ಮಂಗಮ್ಮ ಏಣಿ ಹತ್ತುತ್ತಿದ್ದಳು. ಅಧ್ಯಕ್ಷನ ಹೆಂಡತಿ ಪುಟ್ಟ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಅಕ್ಷರ ತಿದ್ದುವುದನ್ನು ಬೀಗರು ಕಂಡಿದ್ದರೆ ಏನನ್ನುತ್ತಿದ್ದರೋ.

"ಇವತ್ತು ನೀನು ಆ ಕಡೆ ತಲೆ ಹಾಕ್ಬೇಡ," ಎಂದಿದ್ದ ತಿಮ್ಮರಾಯಪ್ಪ.

"ಯಾಕೆ, ನಾನೇನ್ ಫೇಲಾಗಿದೀನಾ?" ಎಂದಿದ್ದಳು ಅವಳು.

ಅಲಮೇಲು ಮೇಡಂ ಆಟೋದಲ್ಲಿ ಬಂದಿಳಿದರು. ನರೆತ ತಲೆ, ನೂಲಿನ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಾರವನ್ನು ಕೈಯಲ್ಲೇ ಇಸಿದುಕೊಂಡು ಸ್ವಾಮಿಯ ಪಟಕ್ಕೆ ಹಾಕಿ ಕೈಮುಗಿದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೂರೂ ಸಾಲುಗಳನ್ನು ನೋಡಿದರು. ಮಕ್ಕಳು ಫೋಟೋಗೆ ಕೂತವರ ಹಾಗೆ ಕೂತಿದ್ದವು. ಎಂದೂ ಅಷ್ಟು ಸದ್ದಿಲ್ಲದೆ ಇದ್ದ ಭಜನೆ ಮನೆ ಅದಲ್ಲ.

"ಮಗು, ಎದ್ದು ಇದನ್ನ ಸ್ವಲ್ಪ ಓದ್ತೀಯಾ?" ಎಂದರು ಕೊನೆಯ ಸಾಲಿನ ಎತ್ತರದ ಹುಡುಗನಿಗೆ.

ಗುರುಸಿದ್ದ ಎದ್ದ. ಅವನ ಮುಂದೆ ಮೂರನೆಯ ಕ್ಲಾಸಿನ ಪುಸ್ತಕ. ಅವನು ಅದನ್ನು ನೋಡಿದ, ಹೇಮಶ್ರೀಯನ್ನು ನೋಡಿದ, ಮತ್ತೆ ಪುಸ್ತಕವನ್ನು ನೋಡಿದ. ತುಟಿ ಬಿಚ್ಚಲಿಲ್ಲ.

ಮೊದಲ ಸಾಲಿನಲ್ಲಿ ಹಂಸಾ ತಾನಾಗಿ ಎದ್ದು ನಿಂತಿತು. "ಅವನು ಇನ್ನೂ ಆ ಕಾರ್ಡಿಗೆ ಬಂದಿಲ್ಲ ಅಜ್ಜಿ. ಓದೋದು ನಾನು ಹೇಳ್ಕೊಡ್ತಿದೀನಿ. ಲೆಕ್ಕ ಕೇಳಿ, ಲೆಕ್ಕ ನಮಗೆಲ್ಲ ಅವನೇ ಹೇಳ್ಕೊಡೋದು. ಇವತ್ತು ಯಾಕೋ ನಮ್ಮನ್ನ ದೂರ ದೂರ ಕೂರ್ಸಿದಾರೆ."

"ಕೂತ್ಕೋ ಪುಟ್ಟಿ," ಎಂದ ತಿಮ್ಮರಾಯಪ್ಪ, ಮೆಲ್ಲಗೆ.

ಅಲಮೇಲು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ತಿಮ್ಮರಾಯಪ್ಪನೋರೇ, ನಿಮಗೆ ಬೇಜಾರಾಗ್ಬಾರ್ದು. ನೇರವಾಗಿ ಹೇಳ್ತೀನಿ. ನಾವು ಇಷ್ಟು ವರ್ಷ ಇದಕ್ಕೆ ಕೈ ಜೋಡಿಸಿದ್ದು ಇಲ್ಲಿ ಎಲ್ಲ ವಯಸ್ಸಿನ ಮಕ್ಕಳೂ ಒಟ್ಟಿಗೆ ಕಲೀತಾರೆ ಅಂತ. ಬೇರೆ ಕಡೆ ಇಲ್ದಿರೋದು ಇಲ್ಲಿದೆ ಅಂತ. ಈಗ ನೋಡಿದ್ರೆ ನೀವೂ ಸಾಲು ಮಾಡಿದೀರಿ. ಸಾಲೇ ಆದ್ರೆ ಹಿಂದಿನ ರಸ್ತೇಲಿ ದೊಡ್ಡ ಶಾಲೆ ಇದೆಯಲ್ಲ. ಮಕ್ಕಳು ಅಲ್ಲಿಗೇ ಹೋಗ್ಲಿ. ಮುಚ್ಚೋದು ಬೇಡ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ತಿಮ್ಮರಾಯಪ್ಪ ತಾನೇ ಬರೆಸಿದ ಬೋರ್ಡುಗಳ ಕಡೆ ನೋಡಿದ. ಯಾವುದನ್ನು ಉಳಿಸಬೇಕಾಗಿತ್ತೋ ಅದನ್ನೇ ಅವನು ಬೆಂಚಿನ ಕೆಳಗೆ ಬಚ್ಚಿಟ್ಟಿದ್ದ. ಮನೆ ಸಾರಿಸುವ ಭರದಲ್ಲಿ ಹುಡುಗಿಯನ್ನೇ ಒಳಕೋಣೆಯಲ್ಲಿ ಕೂಡಿಹಾಕಿದ ಹಾಗೆ.

ಆಗ ಹಿಂಬಾಗಿಲು ಕಿರ್ರೆಂದಿತು. ಮಂಗಮ್ಮ ಒಳಗೆ ಬಂದಳು, ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಒಂದು ಮೊರ, ಮೊರದ ತುಂಬ ಕೆರೆಯಂಚಿನಲ್ಲೂ ಖಾಲಿ ಸೈಟಿನಲ್ಲೂ ಕಿತ್ತು ತಂದ ಸೊಪ್ಪು. ಭಜನೆ ಮನೆಯ ನಡುವೆ ಬಂದು ನಿಂತು ಸುತ್ತಲೂ ನೋಡಿದಳು.

"ಇದೇನಿದು, ಬಸ್ಸಲ್ಲಿ ಕೂತಂಗ್ ಕೂತಿದೀರಾ? ನನ್ ಚಾಪೆ ಎಲ್ರೋ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನೆಲದ ಮೇಲೇ ಕೂತಳು. "ಬಾರೇ ಹಂಸೂ. ನೆನ್ನೆ 'ಕೊಕ್ಕರೆ' ತನಕ ಬಂದಿದ್ವಲ್ಲ?"

ಎಲ್ಲರೂ ತಿಮ್ಮರಾಯಪ್ಪನ ಮುಖ ನೋಡಿದರು. ಅವನು ಕಣ್ಣಲ್ಲೇ ಹೆಂಡತಿಯನ್ನು ಹೊರಗೆ ಕಳಿಸಬಹುದಾಗಿತ್ತು. ಅವಳು ಹೋಗುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು. ಅವನು ಆಂಜನೇಯಸ್ವಾಮಿಯ ಪಟದ ಕಡೆ ಒಮ್ಮೆ ನೋಡಿದ. ಶನಿವಾರದ ಭಜನೆಯಲ್ಲಿ ಅದೇ ಪಟದ ಮುಂದೆ ಎಂಬತ್ತರ ಮುದುಕನೂ ಎಂಟರ ಹುಡುಗನೂ ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ. ತಾಳ ತಪ್ಪಿದವನಿಗೆ ಪಕ್ಕದವನ ತೊಡೆಯೇ ಗುರು. ಅಲ್ಲಿ ಯಾರಿಗೂ ಬೋರ್ಡು ಬರೆಸಿದ್ದಿಲ್ಲ.

ತಿಮ್ಮರಾಯಪ್ಪ ಮೊದಲ ಬೆಂಚಿನ ಒಂದು ತುದಿಗೆ ಕೈ ಹಾಕಿದ.

"ಮೇಡಂ, ಇದು ನಮ್ ಕ್ಲಾಸಲ್ಲ. ನಾನು ಹೂಡಿದ್ ನಾಟಕ. ಮಿಸ್ಸಮ್ಮ ಬೇಡ ಅಂದ್ರು, ನಾನೇ ಕೇಳ್ಲಿಲ್ಲ. ಒಂದ್ ಗಳಿಗೆ ಕೂತ್ಕೊಳಿ. ಏಳ್ರೋ ಮಕ್ಳಾ, ಹಿಡೀರಿ ಆ ಕಡೆ."

ಮಕ್ಕಳಿಗೆ ಇನ್ನೊಂದು ಮಾತು ಬೇಕಾಗಲಿಲ್ಲ. ಬೆಂಚುಗಳು ಗೋಡೆ ಸೇರಿದವು, ಬೋರ್ಡುಗಳು ಬೆಂಚಿನ ಕೆಳಗೆ ಹೋದವು, ಸುತ್ತಿಟ್ಟಿದ್ದ ಚಾಪೆಗಳು ಉರುಳಿಕೊಂಡು ಬಿಚ್ಚಿದವು. ಹೇಮಶ್ರೀ ಸೆರಗು ಸಿಕ್ಕಿಸಿ ಕಾರ್ಡಿನ ಪೆಟ್ಟಿಗೆ ತೆರೆದಳು. ತುಸು ಹೊತ್ತಿನಲ್ಲಿ ಭಜನೆ ಮನೆ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಹಂಸಾ ಮಂಗಮ್ಮನ ಬೆರಳು ಹಿಡಿದು 'ಕೊಕ್ಕರೆ'ಯ ಒತ್ತಿನ ಮೇಲೆ ಓಡಿಸಿತು. ಗುರುಸಿದ್ದನ ಸುತ್ತ ಕಡ್ಡಿಕಟ್ಟುಗಳ ಜೊತೆ ಚಿಕ್ಕದೊಂದು ಗುಂಪು ಸೇರಿತು.

"ಹತ್ತು ಕಡ್ಡಿಗೆ ಒಂದ್ ಕಟ್ಟು ಮಾಡ್ರಿ. ಬಿಡಿ ಕಡ್ಡಿ ಸಾಲಲಿಲ್ಲಂದ್ರ ಕಟ್ಟು ಬಿಚ್ಚೋದು," ಎನ್ನುತ್ತಿದ್ದ ಅವನು. ಪುಸ್ತಕದ ಮುಂದೆ ಮೂಕನಾಗಿದ್ದ ಹುಡುಗ ಇವನೇನಾ ಎಂಬಂತೆ ಅಲಮೇಲು ಅವನನ್ನೇ ನೋಡಿದರು.

"ಇದೆಲ್ಲ ನೀವು ಹೇಗೆ ಹೊಂದಿಸ್ತೀರಿ?" ಎಂದು ಕೇಳಿದರು ಹೇಮಶ್ರೀಯನ್ನು.

ಹೇಮಶ್ರೀ ತಿಮ್ಮರಾಯಪ್ಪನ ಕಡೆ ತಿರುಗಿದಳು. "ನಾನು ಹೇಳಿದ್ರೆ ಟ್ರೈನಿಂಗ್ ಥರಾ ಇರುತ್ತೆ. ಯಜಮಾನ್ರೆ, ನೀವೇ ಹೇಳಿ. ಅದಕ್ಕೆ ಹೆಸರಿಟ್ಟಿದ್ದು ನಿಮ್ಮನೆಯವ್ರೇ ತಾನೆ?"

ತಿಮ್ಮರಾಯಪ್ಪ ಗಂಟಲು ಸರಿಮಾಡಿಕೊಂಡ. "ಹೊಲ ಇದ್ದಾಗ ನಮ್ಮಲ್ಲಿ ಮುಯ್ಯಾಳು ಅಂತಿತ್ತು ಮೇಡಂ. ಇವತ್ತು ನನ್ ಕಳೆಗೆ ನೀವ್ ಬರ್ತೀರಿ, ನಾಳೆ ನಿಮ್ ಕೊಯ್ಲಿಗೆ ನಾನ್ ಬರ್ತೀನಿ. ಕೂಲಿ ಕೊಡಂಗಿಲ್ಲ, ಮುಯ್ಯಿ ತೀರಿಸ್ಬೇಕು ಅಷ್ಟೆ. ಹೊಲ ಹೋಯ್ತು, ಮುಯ್ಯಿ ಹೋಯ್ತು ಅಂತ ನಾವೂ ಮರ್ತಿದ್ವಿ. ಈ ಮಿಸ್ಸಮ್ಮ ಬಂದು ಇಲ್ಲಿ ಶುರು ಹಚ್ಕೊಂಡ್ರು, ನಮ್ಮನೆಯವ್ಳು ಅದಕ್ಕೆ ಮುಯ್ಯಿ ಅಂತಲೇ ಹೆಸರಿಟ್ಲು. ಇಲ್ಲಿ ಯಾರ ಹತ್ರ ಏನಾದ್ರೂ ಕಲಿತ್ರೆ, ಅದಕ್ಕೆ ಮುಯ್ಯಿ ಅಂತ ಇನ್ನೊಬ್ಬರಿಗೆ ಏನಾದ್ರೂ ಕಲಿಸ್ಬೇಕು. ಅವರಿಗೇ ಅಂತಿಲ್ಲ, ಯಾರಿಗಾದ್ರೂ ಸರಿ. ಕಲಿಸೋ ತನಕ ಬಾಕಿ. ನೋಡಿ, ಈ ಹುಡುಗಿ ನಮ್ಮನೆಯವ್ಳಿಗೆ ಅಕ್ಷರ ಹೇಳ್ಕೊಡ್ತು. ನಮ್ಮನೆಯವ್ಳು ಈ ಗುರುಸಿದ್ದನಿಗೆ ಸೊಪ್ಪು ಗುರ್ತು ಹಿಡಿಯೋದು ಹೇಳ್ಕೊಟ್ಲು. ಅವನು ಚಿಕ್ಕೋರಿಗೆ ಲೆಕ್ಕ…"

ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು. "ನಮ್ ಬೀಗರು ಇದನ್ನ ಬೆರಕೆಸೊಪ್ಪಿನ ಕ್ಲಾಸು ಅಂತ ಆಡ್ಕೊಂಡ್ರು. ನಂಗೂ ನಾಚಿಕೆ ಆಗಿತ್ತು. ಯಾಕಾಗ್ಬೇಕಿತ್ತು ಅಂತ ಈಗ ಅನ್ನಿಸ್ತಿದೆ. ಬೆರಕೆಸೊಪ್ಪಿನ ಸಾರಿಗಿರೋ ರುಚಿ ಒಂದೇ ಸೊಪ್ಪು ಹಾಕಿದ್ರೆ ಬರುತ್ತಾ?"

"ಸಾರು ಮಾಡೋಳು ನಾನು, ರುಚಿ ಹೇಳೋರು ಇವರು," ಎಂದಳು ಮಂಗಮ್ಮ ಕಾರ್ಡಿನಿಂದ ತಲೆಯೆತ್ತದೆ.

ಅಲಮೇಲು ನಕ್ಕರು. ಆಮೇಲೆ ಯಾರೂ ಎಣಿಸದ ಒಂದು ಕೆಲಸ ಮಾಡಿದರು. ಕುರ್ಚಿಯಿಂದ ಎದ್ದು, ಮೊಣಕಾಲು ಹಿಡಿದುಕೊಂಡು, ಚಾಪೆಯ ಮೇಲೆ ಮೊರದ ಪಕ್ಕ ಕೂತರು. "ನಾನು ಅಂಗಡಿ ಸೊಪ್ಪು ಬಿಟ್ರೆ ಬೇರೆ ಕಂಡೋಳಲ್ಲ. ಗುರುಸಿದ್ದ, ನನಗೂ ಇದು ಹೇಳ್ಕೊಡ್ತೀಯೇನಪ್ಪಾ?"

ಗುರುಸಿದ್ದ ಕಡ್ಡಿಕಟ್ಟು ಬಿಟ್ಟು ಬಂದ. ಮೊರದಿಂದ ಒಂದೊಂದಾಗಿ ತೆಗೆದ. "ಇದು ಗೋಣಿಸೊಪ್ರಿ. ಎಲಿ ಹಿಚುಕಿ ನೋಡ್ರಿ, ದಪ್ಪ ಅದ, ನೀರ್ ಬರ್ತದ. ದಂಟು ಕೆಂಪು. ಇದು ಹೊನಗೊನ್ನಿ, ಎಲಿ ಬುಡಕ್ಕ ಬಿಳಿ ಹೂವ ಅಂಟಿರ್ತಾವ. ಇದು ಕನ್ನಿಸೊಪ್ಪು, ನೀಲಿ ಹೂವ. ಈಗ ನೀವು ಆರಿಸ್ರಿ."

ಅಲಮೇಲು ಆರಿಸಿದರು. ಎರಡು ಸಲ ತಪ್ಪಿದರು. ಗುರುಸಿದ್ದ ಬಯ್ಯಲಿಲ್ಲ, ನಗಲೂ ಇಲ್ಲ. ತಪ್ಪಿದ ಎಲೆಯನ್ನು ಅವರ ಅಂಗೈಯಲ್ಲೇ ತಿರುಗಿಸಿಟ್ಟು, "ಮತ್ತ ನೋಡ್ರಿ," ಎಂದ. ಅವನು ಕಲಿತದ್ದೂ ಹಾಗೆಯೇ ಇರಬೇಕು. ಹೇಮಶ್ರೀ ಕಂಬದ ಹತ್ತಿರ ನಿಂತು ನೋಡುತ್ತಿದ್ದಳು. ತಾನು ಒಂದು ಮಾತೂ ಆಡಬೇಕಾಗಿಲ್ಲದ ಆ ಗಳಿಗೆಯಲ್ಲಿ ಅವಳಿಗೆ ತನ್ನ ಇಷ್ಟು ವರ್ಷದ ಕೆಲಸವೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದಂತಾಯಿತು. ಕೊಟ್ಟವನು ಭಗವಂತ, ಕಾಯುವವನೂ ಅವನೇ ಎಂದುಕೊಂಡು ಸ್ವಾಮಿಯ ಪಟಕ್ಕೆ ಮನಸ್ಸಿನಲ್ಲೇ ಕೈಮುಗಿದಳು.

ಹೊರಡುವಾಗ ಅಲಮೇಲು ಭರವಸೆಯನ್ನೇನೂ ಕೊಡಲಿಲ್ಲ. "ಮೀಟಿಂಗಲ್ಲಿ ನಾನು ಕಂಡದ್ದನ್ನ ಹೇಳ್ತೀನಿ. ಒಪ್ಪಿಸೋದು ಸುಲಭ ಇಲ್ಲ," ಎಂದರು. ಚಪ್ಪಲಿ ಮೆಟ್ಟುತ್ತಿದ್ದವರನ್ನು ಹಂಸಾ ಬಾಗಿಲ ತನಕ ಹಿಂಬಾಲಿಸಿತು.

"ಅಜ್ಜಿ, ನಿಮ್ಮ ಮುಯ್ಯಿ ಬಾಕಿ ಇದೆ."

"ಏಯ್, ದೊಡ್ಡೋರಿಗೆ ಹಂಗನ್ಬಾರ್ದು," ಎಂದ ತಿಮ್ಮರಾಯಪ್ಪ.

"ಅನ್ಲಿ ಬಿಡಿ, ಇರೋದೇ ಹೇಳಿದಾಳೆ," ಎಂದರು ಅಲಮೇಲು.

ತುಂತುರು ನಿಂತು ಬಿಸಿಲು ಬಂತು. ಕಾರ್ತಿಕ ಕಳೆಯುತ್ತ ಬಂತು. ತಿಮ್ಮರಾಯಪ್ಪ ಬೆಂಚುಗಳನ್ನು ಹಿಂದಿರುಗಿಸಿದ. ಬೀಗರ ಮನೆಯಿಂದ ಇನ್ನೊಂದು ಊಟದ ಕರೆ ಬಂದಾಗ ಹೋಗಿ, ಯಾರೂ ಕೇಳದಿದ್ದರೂ ಪಂಕ್ತಿಯ ನಡುವೆ, "ನಮ್ದು ಬೆರಕೆಸೊಪ್ಪಿನ ಕ್ಲಾಸು. ಬಂದು ನೋಡಿ ಒಂದ್ಸಲ. ನಮ್ಮನೆಯವ್ಳು ಈಗ ಬಸ್ಸಿನ ಬೋರ್ಡ್ ಓದ್ತಾಳೆ," ಎಂದು ಹೇಳಿ ಬಂದ. ಆದರೂ ಟ್ರಸ್ಟಿನಿಂದ ಸುದ್ದಿ ಬಾರದೆ, ಸಂಜೆ ದೀಪದ ಹೊತ್ತಿಗೆ ಹೇಮಶ್ರೀಯ ಮುಖ ನೋಡಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ.

ಸುದ್ದಿ ಬಂದದ್ದು ಅವನ ಫೋನಿಗೆ, ಮಕ್ಕಳು ಊಟಕ್ಕೆ ಕೂತಿದ್ದಾಗ. ಅಲಮೇಲು ಕನ್ನಡದ ಅಕ್ಷರಗಳಲ್ಲೇ ಬರೆದು ಕಳಿಸಿದ್ದರು. ಅವನು ತೆರೆಯಲು ಬೆರಳಿಟ್ಟು ತಡೆದ. ಫೋನನ್ನು ಮಂಗಮ್ಮನ ಮುಂದೆ ಹಿಡಿದ.

"ನೀನೇ ಓದು."

"ನಾನಾ? ಅನ್ನ ಬಡಿಸ್ತಿದೀನಿ."

"ಮಿಸ್ಸಮ್ಮ ಬಡಿಸ್ತಾರೆ. ಓದು."

ಅವಳು ಕೈ ಒರೆಸಿಕೊಂಡು ಫೋನನ್ನು ದೂರ ಹಿಡಿದಳು. "ನಿ… ಮ್ಮ… ನಿಮ್ಮ. ತರ… ಗತಿ. ನಿಮ್ಮ ತರಗತಿ. ಈಗಿ… ರುವಂ… ತೆಯೇ." ಮಕ್ಕಳು ಅನ್ನದ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿ ಕಾದವು. ಒಂದೇ ನೋಟಕ್ಕೆ ಓದಿಬಿಡಬಲ್ಲ ತಿಮ್ಮರಾಯಪ್ಪ ಅವಳ ಭುಜದ ಮೇಲಿಂದ ಇಣುಕಲಿಲ್ಲ. ಕಿಟಕಿಯ ಆಚೆ ನೋಡುತ್ತ ನಿಂತ. "ಮುಂ… ದು… ವರಿ… ಯು… ತ್ತದೆ."

ಮಂಗಮ್ಮ ಒಮ್ಮೆ ಉಸಿರು ತೆಗೆದುಕೊಂಡು ಎಲ್ಲವನ್ನೂ ಸೇರಿಸಿ ಓದಿದಳು. "ನಿಮ್ಮ ತರಗತಿ ಈಗಿರುವಂತೆಯೇ ಮುಂದುವರಿಯುತ್ತದೆ."

ಹೇಮಶ್ರೀ ಸೌಟನ್ನು ಪಾತ್ರೆಯಲ್ಲಿಟ್ಟಳು. ಗುರುಸಿದ್ದನ ತಟ್ಟೆಗೆ ಅವನು ಸಾಕೆಂದರೂ ಇನ್ನೊಂದು ಸೌಟು ಸಾರು ಬಡಿಸಿದಳು.

ಅದಾದ ಮೇಲೆ ಒಂದು ಬೆಳಗ್ಗೆ ಗುರುಸಿದ್ದ ತನ್ನ ತಂಗಿ ಶಿವವ್ವನನ್ನು ಕೈಹಿಡಿದು ಕರೆತಂದ. ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದವಳು, ಆಗತಾನೇ ಬಂದಿದ್ದಳು. ಗದ್ದಲ ಕಂಡು ಹೆದರಿ ಕಂಬದ ಮರೆಯಲ್ಲಿ ಕೂತವಳು ಯಾರು ಕರೆದರೂ ಏಳಲಿಲ್ಲ. ಹೇಮಶ್ರೀ ಅವಳನ್ನು ಒತ್ತಾಯಿಸದೆ ಬಿಟ್ಟಳು.

ಯಾರಿಗೂ ಹೇಳದೆ, ಫೋನು ಮಾಡದೆ, ಅಲಮೇಲು ಬಂದದ್ದು ಅದೇ ಹೊತ್ತಿಗೆ. ಈ ಸಲ ಬಸ್ಸಿನಲ್ಲಿ. ಕುರ್ಚಿ ತರಲು ಓಡಿದ ತಿಮ್ಮರಾಯಪ್ಪನಿಗೆ ಬೇಡವೆಂದು ಕೈಸನ್ನೆ ಮಾಡಿ, ಭಜನೆ ಮನೆಯಲ್ಲೊಮ್ಮೆ ಕಣ್ಣಾಡಿಸಿ, ಕಂಬದ ಹತ್ತಿರ ಹೋಗಿ ಆ ಮಗುವಿನಿಂದ ಒಂದು ಮೊಳ ದೂರದಲ್ಲಿ ಕೂತರು. ಚೀಲದಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಚುಕ್ಕಿ ಇಟ್ಟರು. ಒಂದು. ಅದರ ಕೆಳಗೆ ಎರಡು. ಅದರ ಕೆಳಗೆ ಮೂರು. ಮೇಲಿನ ಚುಕ್ಕಿಯಿಂದ ಗೆರೆಯೊಂದನ್ನು ಎಳೆದು, ಎರಡನೆಯ ಸಾಲಿನ ಹತ್ತಿರ ಬಂದಾಗ ಮರೆತವರಂತೆ ನಿಲ್ಲಿಸಿದರು.

ಶಿವವ್ವ ಗೆರೆ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಸರಿದಳು.

ಅಲಮೇಲು ಸೀಮೆಸುಣ್ಣವನ್ನು ಆ ಪುಟ್ಟ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಆಚೆ ಚಾಪೆಯ ಮೇಲಿದ್ದ ಹಂಸಾ ಅದನ್ನು ನೋಡಿ, ಬಾಕಿ ತೀರಿತೆಂಬಂತೆ ತಲೆಯಾಡಿಸಿ, ತನ್ನ ಕಾರ್ಡಿನ ಕಡೆಗೆ ತಿರುಗಿತು.